ಕಾಡಿನ ಬಾಗಿಲಲ್ಲಿ ಒಂದು ಮಾಗಿಯ ಇರುಳು

ನಂಜನಗೂಡು ಸೀಮೆಯ ಹೆಮ್ಮರಗಾಲವೆಂದೊಡನೆ ವಾಚಕರಲ್ಲಿ ಅನೇಕರಿಗೆ ಅಲ್ಲಿಯ ಸಂತಾನ ವೇಣುಗೋಪಾಲಸ್ವಾಮಿಯ ನೆನಪಾಗುವುದು. ಮಕ್ಕಳಿಲ್ಲದ ದಂಪತಿಗಳು ಹರಕೆ ಹೊತ್ತು ಬರುವ ಕ್ಷೇತ್ರವದು. ಆದರೆ ನಾವು ಈಗ ಹೇಳಹೊರಟಿರುವುದು ದೇವರ ವಿಷಯವನ್ನಲ್ಲ, ಬಾಳೆಕಾಯಿಯ ವಿಷಯವನ್ನು. ಅದಕ್ಕಿಂತಲೂ ಹೆಚ್ಚಾಗಿ, ಆ ಬಾಳೆಕಾಯಿಯ ಸಂಗಡ ಲಾರಿಯೊಳಗೆ ಕಳೆದ ಒಂದು ರಾತ್ರಿಯ ವಿಷಯವನ್ನು.

ನಂಜನಗೂಡೆಂದರೆ ರಸಬಾಳೆಯೆಂಬುದು ಹಿಂದಿನ ಮಾತು. ಸೊರಗುರೋಗವು ಆ ತಳಿಯನ್ನು ಬಹುಮಟ್ಟಿಗೆ ತಿಂದುಹಾಕಿತು. ನಮ್ಮ ತೋಟದಲ್ಲಿರುವುದು ನೇಂದ್ರಬಾಳೆ. ಅದಕ್ಕೆ ಗಿರಾಕಿ ಕೇರಳದಲ್ಲಿ. 2023ನೆಯ ಇಸವಿಯ ಧನುರ್ಮಾಸದಲ್ಲಿ ಒಂದು ಲಾರಿ ಕಾಯಿಯನ್ನು ಸುಲ್ತಾನ್ ಬತ್ತೇರಿಗೆ ಮುಟ್ಟಿಸಬೇಕಾಗಿದ್ದಿತು. ಆಳುಗಳು ಬಂದದ್ದು ತಡ, ಗೊನೆ ತುಂಬಿದ್ದು ತಡ. ನಾವೂ ನಮ್ಮ ಮಗನೂ ಚಾಲಕನ ಪಕ್ಕದಲ್ಲಿ ಹತ್ತಿ ಕುಳಿತಾಗ ಊರಿನಲ್ಲಿ ದೀಪ ಹಚ್ಚಿ ಬಹಳ ಹೊತ್ತಾಗಿದ್ದಿತು. ಮನೆಯವರು ಎರಡು ಕಂಬಳಿಗಳನ್ನು ತಂದುಕೊಟ್ಟರು. ಒಂದು ಸಾಕೆಂದು ನಾವು ಹೇಳಿದೆವು. ಅವರು ಕೇಳಲಿಲ್ಲ, ಆ ಸಂಗತಿಯನ್ನು ಇಲ್ಲಿ ಒಪ್ಪಿಕೊಂಡುಬಿಡುವುದು ಲೇಸು.

ಬೇಗೂರನ್ನು ದಾಟಿ ಗುಂಡ್ಲುಪೇಟೆಯಲ್ಲಿ ರಸ್ತೆಯು ಕವಲೊಡೆಯುತ್ತದೆ. ಒಂದು ದಾರಿ ಬಂಡೀಪುರದ ಮೇಲೆ ಉದಕಮಂಡಲಕ್ಕೆ, ಇನ್ನೊಂದು ಮದ್ದೂರು, ಮೂಲೆಹೊಳೆಗಳ ಮೇಲೆ ವಯನಾಡಿಗೆ. ಎರಡೂ ಹುಲಿಯ ಕಾಡನ್ನು ಸೀಳಿಕೊಂಡೇ ಹೋಗತಕ್ಕವು. ಇರುಳಿನಲ್ಲಿ ವಾಹನಗಳಿಗೆ ಸಿಕ್ಕಿ ಮೃಗಗಳು ಸಾಯುತ್ತಿದ್ದುದರಿಂದ 2009ರಲ್ಲಿ ರಾತ್ರಿ 9 ಗಂಟೆಯಿಂದ ಬೆಳಗಿನ 6 ಗಂಟೆಯವರೆಗೆ ಸಂಚಾರವನ್ನು ನಿಷೇಧಿಸಲಾಯಿತು. 2010ರಲ್ಲಿ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಆಂಬುಲೆನ್ಸಿನಂತಹ ತುರ್ತು ವಾಹನಗಳಿಗೂ ಗೊತ್ತಾದ ಕೆಲವು ಬಸ್ಸುಗಳಿಗೂ ಮಾತ್ರ ವಿನಾಯಿತಿ. ವ್ಯಾಪಾರಿಗಳಿಗೆ ಇದರಿಂದ ನಷ್ಟವೆಂಬ ಕೂಗು ಇಂದಿಗೂ ಇದೆ. ನಷ್ಟ ನಮಗೂ ಉಂಟು. ಆದರೂ ಹಗಲೆಲ್ಲ ನಮ್ಮದಾದ ರಸ್ತೆಯನ್ನು ಒಂಬತ್ತು ಗಂಟೆಯ ಕಾಲ ಆನೆಗಳಿಗೆ ಬಿಟ್ಟುಕೊಡುವುದು ಅನ್ಯಾಯವೆಂದು ನಮಗೆ ತೋರಲಿಲ್ಲ.

ಮದ್ದೂರಿನ ತನಿಖಾ ಠಾಣೆಯನ್ನು ನಾವು ಮುಟ್ಟಿದಾಗ ಒಂಬತ್ತೂಕಾಲು. ಗೇಟು ಮುಚ್ಚಿದ್ದಿತು. ಅಲ್ಲಿಯೇ ಅಂಚಿನಲ್ಲಿ ಲಾರಿಯನ್ನು ನಿಲ್ಲಿಸಿಕೊಂಡು ಬೆಳಗ್ಗೆ ಎಲ್ಲರಿಗಿಂತ ಮೊದಲು ಹೊರಡೋಣವೆಂದು ನಾವು ಸೂಚಿಸಿದೆವು. ಚಾಲಕನು ತಲೆಯಾಡಿಸಿದನು.

“ಬ್ಯಾಡಿ ಬುದ್ಧೀ, ಗಾಡೀಲಿ ಬಾಳೆಕಾಯಿ ಅದೆ. ಆನೆಗೆ ಮೂಗೇ ಕಣ್ಣು.”

ಲಾರಿ ಹಿಂದಿರುಗಿತು. ಗುಂಡ್ಲುಪೇಟೆಯ ಕಡೆಗೆ ಬಂದು, ಐದಾರು ಲಾರಿಗಳು ತಂಗಿದ್ದ ದೀಪದ ಬೆಳಕಿನ ಒಂದು ಬಯಲಿನಲ್ಲಿ ನಿಂತೆವು. ಅಮೆರಿಕೆಯ ಸರಕಾರಿ ಅರಣ್ಯಗಳಲ್ಲಿ ಹಲವೆಡೆ ಜನರು ತಮ್ಮ ಗಾಡಿಯೊಳಗೇ ಹಾಸಿಗೆ ಹಾಸಿಕೊಂಡು, ಹಿಮ ಬೀಳುವ ಕಾಲದಲ್ಲಿಯೂ ವಿನೋದಕ್ಕಾಗಿ ಮಲಗುವುದುಂಟು. ಕಾನೂನು ಅದನ್ನು ಒಪ್ಪುತ್ತದೆ. ನಮ್ಮ ಕಾಡಿನ ರೀತಿ ಬೇರೆ. ಮೈಸೂರು ಮಹಾರಾಜರು 1931ರಲ್ಲಿ ವನ್ಯಮೃಗಗಳ ರಕ್ಷಿತ ಧಾಮವಾಗಿ ಸ್ಥಾಪಿಸಿದ, 1973ರಲ್ಲಿ ಹುಲಿ ಯೋಜನೆಗೆ ಸೇರಿದ ಈ ಅರಣ್ಯದೊಳಗೆ ಬೇಕಾದಲ್ಲಿ ಬೀಡುಬಿಡಲು ಅಪ್ಪಣೆಯಿಲ್ಲ, ಬೆಂಕಿ ಹೊತ್ತಿಸಲಂತೂ ಇಲ್ಲವೇ ಇಲ್ಲ. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಸಾವಿರಾರು ಎಕರೆ ಉರಿದುದನ್ನು ಕಂಡವರಿಗೆ ಆ ನಿಯಮದ ಕಾರಣವನ್ನು ಹೇಳಬೇಕಾದುದಿಲ್ಲ.

ಮಾಗಿಯ ಚಳಿ ಮೋಡವಿಲ್ಲದ ರಾತ್ರಿಯಲ್ಲಿಯೇ ಹೆಚ್ಚು. ಹಗಲು ಕುಡಿದ ಬಿಸಿಲನ್ನು ನೆಲವು ಬಯಲಾದ ಆಕಾಶಕ್ಕೆ ಬಿಟ್ಟುಕೊಡುತ್ತದೆ. ತಣ್ಣನೆಯ ಗಾಳಿ ಭಾರವಾಗಿ ತಗ್ಗಿಗೆ ಇಳಿದು ನಿಲ್ಲುತ್ತದೆ. ಲಾರಿಯ ಮುಂಗೂಡು ತಗಡು ಮತ್ತು ಗಾಜು. ಚಳಿಯನ್ನು ತಡೆಯುವುದರ ಬದಲು ಒಳಗೆ ಕರೆಯುವಂತಹುದು. ಹನ್ನೆರಡರ ಹೊತ್ತಿಗೆ ನಮ್ಮ ಉಸಿರೇ ಗಾಜಿನ ಮೇಲೆ ನೀರಾಗಿ ಹರಿಯಲಾರಂಭಿಸಿತು. ಹೊದೆಯುವುದಕ್ಕಿಂತ ಹಾಸುವುದು ಮುಖ್ಯವೆಂದು ಚಾಲಕನು ಹೇಳಿಕೊಟ್ಟನು. ಹಳೆಯ ಪತ್ರಿಕೆಗಳನ್ನು ಸೀಟಿನ ಮೇಲೆ ಹರಡಿ ಅದರ ಮೇಲೆ ಎರಡನೆಯ ಕಂಬಳಿಯನ್ನು ಹಾಸಿದೆವು.

ನಮಗಿಂತ ಹೆಚ್ಚಾಗಿ ಕಾಯಿಯ ಚಿಂತೆ. ಬಾಳೆ ಉಷ್ಣಪ್ರದೇಶದ ಕೂಸು. ಸುಮಾರು 13 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಕೆಲವು ಗಂಟೆಗಳು ಕಳೆದರೆ ಸಿಪ್ಪೆಯ ಒಳಗಿನ ನಾರು ಕಂದಿ, ಮುಂದೆ ಸರಿಯಾಗಿ ಹಣ್ಣಾಗದು. ಒಣ ಬಾಳೆಯೆಲೆಯನ್ನು ತುಂಬಿ ಟಾರ್ಪಾಲನ್ನು ಬಿಗಿದುಕಟ್ಟಿದ್ದೆವು. ಆದರೂ ಮಧ್ಯರಾತ್ರಿಯಲ್ಲಿ ಇಳಿದು ಎರಡು ಸಲ ಮುಟ್ಟಿನೋಡಿದೆವು.

ಎರಡನೆಯ ಸಲ ಹಿಂದಿರುಗಿದಾಗ ಮಗನು ಚಹದಂಗಡಿಯಿಂದ ಒಂದು ಕಬ್ಬಿಣದ ಬಾಣಲೆಯಲ್ಲಿ ನಿಗಿನಿಗಿ ಕೆಂಡವನ್ನು ತಂದು, ಮುಂಗೂಡಿನೊಳಗೆ ಕಾಲ ಬಳಿ ಇರಿಸಿ, ಕಿಟಕಿಗಳನ್ನೆಲ್ಲ ಏರಿಸುತ್ತಿದ್ದನು. “ಹೊಗೆಯೇ ಇಲ್ಲ ಅಪ್ಪ, ಎಷ್ಟು ಹಿತವಾಗಿದೆ ನೋಡಿ” ಎಂದನು. ನಿಜ ಹೇಳಬೇಕೆಂದರೆ ನಾವೂ ಕೈ ಚಾಚಿದೆವು. ನಿದ್ದೆಯಲ್ಲಿದ್ದ ಚಾಲಕನು ಧಡಕ್ಕನೆ ಎದ್ದು, ಬಾಗಿಲನ್ನು ಒದ್ದು ತೆರೆದು, ಬಾಣಲೆಯನ್ನು ಕಂಬಳಿಯ ಅಂಚಿನಿಂದ ಹಿಡಿದು ಹೊರಗಿಟ್ಟನು. ಆಮೇಲೆ ಬಹಳ ಹೊತ್ತು ಅವನು ಮಾತನಾಡಲಿಲ್ಲ. ತನ್ನ ಪರಿಚಯದ ಇಬ್ಬರು ಹೀಗೆಯೇ ಕೆಂಡವಿಟ್ಟುಕೊಂಡು ಮಲಗಿ ಬೆಳಗ್ಗೆ ಏಳಲಿಲ್ಲವೆಂದು ಕೊನೆಗೆ ಹೇಳಿದನು.

ಹೊಗೆಯಿಲ್ಲದ ಕೆಂಡವೇ ಹೆಚ್ಚು ಮೋಸಗಾರ. ಗಾಳಿ ಸಾಲದೆ ಉರಿಯುವ ಇದ್ದಿಲಿನಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವು ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ಕಣಗಳಿಗೆ ಅದು ಪ್ರಾಣವಾಯುವಿಗಿಂತ 200 ಪಟ್ಟಿಗೂ ಮಿಗಿಲಾದ ಬಲದಿಂದ ಅಂಟಿಕೊಳ್ಳುತ್ತದೆ. ತಲೆನೋವು, ತೂಕಡಿಕೆ, ಚಳಿಯಲ್ಲಿ ದಣಿದವನು ಅದನ್ನು ನಿದ್ದೆಯೆಂದೇ ತಿಳಿಯುತ್ತಾನೆ. ನಿಂತ ಗಾಡಿಯ ಇಂಜಿನನ್ನು ಓಡಲು ಬಿಟ್ಟು ಮಲಗುವುದೂ ಅಪಾಯವೇ. ಗೃಹಿಣಿಯರು ಇದನ್ನು ಲಾರಿಯ ಮಾತೆಂದು ಬಿಡಬಾರದು: ಬಾಣಂತಿಯ ಕೋಣೆಯಲ್ಲಿ ಬಾಗಿಲು ಕಿಟಕಿಗಳನ್ನು ಮುಚ್ಚಿ, ಮಂಚದ ಕೆಳಗೆ ಅಗ್ಗಿಷ್ಟಿಕೆಯನ್ನು ಇಡುವ ವಾಡಿಕೆ ನಮ್ಮ ಸೀಮೆಯಲ್ಲಿ ಇನ್ನೂ ಹಲವು ಮನೆಗಳಲ್ಲಿದೆ. ನಮ್ಮ ಮನೆಯಲ್ಲಿಯೂ ಇದ್ದಿತು. ಈ ಪ್ರಯಾಣದಿಂದ ಮರಳಿದ ದಿನವೇ ಅದನ್ನು ನಿಲ್ಲಿಸಿದೆವು.

ಉಳಿದ ರಾತ್ರಿಯನ್ನು ಎರಡು ಬೆರಳು ಕಿಟಕಿ ತೆರೆದು, ಮಂಕಿಟೋಪಿಯನ್ನು ಕುತ್ತಿಗೆಯವರೆಗೆ ಎಳೆದುಕೊಂಡು, ಮೂವರೂ ಒತ್ತಿಕೊಂಡು ಕುಳಿತು ಕಳೆದೆವು. ಮಗನಿಗೆ ನಿದ್ದೆ ಬಂದಿತು. ನಮಗೆ ಬರಲಿಲ್ಲ, ಅವನ ಉಸಿರನ್ನು ಕೇಳುತ್ತ ಕುಳಿತಿದ್ದೆವು.

ಆರು ಗಂಟೆಗೆ ಗೇಟು ತೆರೆಯಿತು. ಮಂಜಿನಲ್ಲಿ ಲಾರಿಗಳ ಸಾಲು ಒಂದರ ಹಿಂದೊಂದು ಮೆಲ್ಲನೆ ಒಳಹೊಕ್ಕಿತು. ರಸ್ತೆಯಂಚಿನಲ್ಲಿ ಜಿಂಕೆಗಳು ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿದವು. ಗೇಟಿನಿಂದ ತುಸುದೂರದಲ್ಲಿ, ನಾವು ನಿಲ್ಲಬೇಕೆಂದಿದ್ದ ಮಗ್ಗುಲಿನಲ್ಲಿಯೇ, ಆನೆಯ ಹಸಿ ಲದ್ದಿ ಆವಿಯಾಡುತ್ತ ಬಿದ್ದಿದ್ದಿತು. ಚಾಲಕನು ಅದನ್ನು ಬೆರಳಿನಿಂದ ತೋರಿಸಿದನೇ ಹೊರತು ಏನನ್ನೂ ಹೇಳಲಿಲ್ಲ.

ಬತ್ತೇರಿಯಲ್ಲಿ ವ್ಯಾಪಾರಿಯು ಒಂದೊಂದು ಕಡೆಯಿಂದ ಕಾಯಿ ತೆಗೆದು, ಉಗುರಿನಿಂದ ಸಿಪ್ಪೆಯನ್ನು ಗೀರಿ ನೋಡಿದನು. ಟಾರ್ಪಾಲು ಸಡಿಲವಾಗಿದ್ದ ಮೂಲೆಯ ನಾಲ್ಕು ಗೊನೆಗಳಲ್ಲಿ ನಾರು ಕಂದಿದ್ದಿತು. ಅವುಗಳ ಬೆಲೆಯನ್ನು ಮುರಿದುಕೊಂಡು ಉಳಿದುದಕ್ಕೆ ಪೂರ್ತಿ ಹಣ ಎಣಿಸಿಕೊಟ್ಟನು.