ಸೇವಂತಿಗೆ ತೋಟದಲ್ಲಿ ರಾತ್ರಿ ಬಲ್ಬು ಯಾಕೆ?

ಚಿಕ್ಕಬಳ್ಳಾಪುರ, ಕೋಲಾರದ ಕಡೆ ರಾತ್ರಿ ಹೋದ್ರೆ ಕೆಲವು ಸೇವಂತಿಗೆ ತೋಟಗಳಲ್ಲಿ ಸಾಲುಸಾಲಾಗಿ ಬಲ್ಬು ಉರೀತಿರ್ತವೆ. ಯಾಕೆ ಗೊತ್ತಾ? ಗಿಡ ಬೇಗ ಹೂ ಬಿಡದಿರಲಿ ಅಂತ!

ಸೇವಂತಿಗೆ ಮೊಗ್ಗು ಕಟ್ಟೋದು ರಾತ್ರಿ ಉದ್ದ ಇದ್ದಾಗ. ಬೆಂಗಳೂರಿನ ಸುತ್ತಮುತ್ತ ಜೂನ್ ತಿಂಗಳ ಅತಿ ಉದ್ದದ ಹಗಲು ಕೂಡ 13 ಗಂಟೆ ಮುಟ್ಟೋದಿಲ್ಲ. ಅಂದ್ರೆ ವರ್ಷಪೂರ್ತಿ ರಾತ್ರಿ 11 ಗಂಟೆಗಿಂತ ಹೆಚ್ಚು. ಹಾಗಾಗಿ ಎಳೆ ಗಿಡವೇ ಮೊಗ್ಗು ಕಟ್ಟಿಬಿಡುತ್ತೆ. ಕವಲು ಕಮ್ಮಿ, ಹೂವೂ ಕಮ್ಮಿ.

ಅದಕ್ಕೆ ರಾತ್ರಿ ಸುಮಾರು 10ರಿಂದ 2ರವರೆಗೆ ದೀಪ ಹಾಕ್ತಾರೆ. ಎಲೆಯಲ್ಲಿರೋ ಫೈಟೋಕ್ರೋಮ್ ಅನ್ನೋ ವರ್ಣದ್ರವ್ಯ ಆ ಬೆಳಕಿನ ಕೆಂಪು ಭಾಗವನ್ನ ಹೀರಿಕೊಳ್ಳುತ್ತೆ. ಉದ್ದದ ಕತ್ತಲು ಎರಡು ತುಂಡಾಗುತ್ತೆ. ಗಿಡ ಮೊಗ್ಗಿನ ಯೋಚನೆ ಬಿಟ್ಟು ಕಾಂಡ, ಎಲೆ, ಕವಲು ಬೆಳೆಸುತ್ತೆ.

ಒಂದು ಮಾತು ನೆನಪಿಡಿ. ಗಿಡಕ್ಕೆ ಆಹಾರ ಸಿಗೋದು ಬಿಸಿಲಿನಿಂದಲೇ. ಈ ದೀಪ ಬರೀ ಸೂಚನೆ, ಅದಕ್ಕೇ ಸಣ್ಣ ಎಲ್‌ಇಡಿ ಸಾಕು. ಆದರೆ ಬೆಳಕು ಪ್ರತಿ ಗಿಡಕ್ಕೂ ತಲುಪಲೇಬೇಕು. ಕತ್ತಲು ಉಳಿದ ಮೂಲೆಯಲ್ಲಿ ಮೊಗ್ಗು ಮೊದಲೇ ಬಂದು, ಕೊಯ್ಲು ಒಟ್ಟಿಗೆ ಆಗೋದಿಲ್ಲ.

ಗಿಡಗಳು ಹಗಲಿನ ಉದ್ದ ಗುರುತಿಸ್ತವೆ ಅಂತ ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ 1920ರಲ್ಲಿ ತಂಬಾಕು ಗಿಡದ ಪ್ರಯೋಗದಿಂದ ತೋರಿಸಿಕೊಟ್ಟರು. ಅದೇ ತಿಳಿವಳಿಕೆ ಇವತ್ತು ನಮ್ಮ ರೈತರ ಕೈಯಲ್ಲಿದೆ.

ಗಿಡ ಬಲಿತ ಮೇಲೆ ದೀಪ ಆರಿಸಿದ್ರೆ ಮೊಗ್ಗು ಶುರು. ಹೂ ಅರಳೋಕೆ ನಿಮ್ಮ ತಳಿಗೆ ಎಷ್ಟು ವಾರ ಬೇಕು ಅಂತ ತೋಟಗಾರಿಕೆ ಇಲಾಖೆಯಲ್ಲಿ ಕೇಳಿ ತಿಳ್ಕೊಳ್ಳಿ. ಆಯುಧಪೂಜೆಗೆ ಹೂ ಬೇಕಿದ್ರೆ ಆ ದಿನದಿಂದ ಹಿಂದಕ್ಕೆ ಎಣಿಸಿ, ದೀಪ ಆರಿಸೋ ದಿನ ಗೊತ್ತುಮಾಡಿ.