ಖಾಲಿ ಟ್ಯಾಂಕ್ ಖಾಲಿಯೇ?

ಮಕ್ಕಳೇ, ಹಳೆಯ ಯೆಜ್ಡಿ ಬೈಕ್ ನೋಡಿದ್ದೀರಾ? ಅದನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಹಾಗಾಗಿ ಒಂದು ಬೈಕ್ ಕೆಟ್ಟರೆ, ಇನ್ನೊಂದು ಹಳೆಯ ಬೈಕನ್ನು ಬಿಚ್ಚಿ ಅದರ ಬಿಡಿಭಾಗಗಳನ್ನು ಜೋಡಿಸುವುದುಂಟು. ಮೈಸೂರಿರಲಿ, ನಮ್ಮ ಝಳಕಿಯಿರಲಿ, ಮನೆಯಲ್ಲಿ ಬೈಕ್ ಬಿಚ್ಚುವ ಮುನ್ನ ಟ್ಯಾಂಕಿನ ಪೆಟ್ರೋಲ್ ತೆಗೆಯಬೇಕು.

ತೆಗೆದ ಮೇಲೆ ಟ್ಯಾಂಕ್ ಖಾಲಿಯಾಯಿತೇ? ಇಲ್ಲ! ಒದ್ದೆ ಬಟ್ಟೆಯ ನೀರು ಆವಿಯಾಗುವಂತೆ, ತಳದಲ್ಲಿ ಉಳಿದ ಪೆಟ್ರೋಲೂ ಆವಿಯಾಗುತ್ತದೆ. ಉರಿಯುವುದು ಈ ಆವಿಯೇ. ಗಾಳಿಯೊಡನೆ ಬೆರೆತ ಆವಿಗೆ ಕಿಡಿ ತಗಲಿದರೆ ಟ್ಯಾಂಕ್ ಸಿಡಿಯಬಹುದು. ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೆ ಹರಡಿ ದೂರದ ಒಲೆಯನ್ನೂ ತಲುಪಬಹುದು.

ಆದ್ದರಿಂದ ದೊಡ್ಡವರು ಮೊದಲು ಬ್ಯಾಟರಿಯ ತಂತಿ ಬಿಡಿಸಿ, ಬಯಲಿನಲ್ಲಿ ಪೆಟ್ರೋಲ್ ಇಳಿಸಬೇಕು. ಹತ್ತಿರ ಬೀಡಿ, ದೀಪ, ಒಲೆ ಇರಬಾರದು. ನೀವು ದೂರವೇ ನಿಲ್ಲಿ. ಮನೆಯವರಿಗೂ ಈ ವಿಷಯ ತಿಳಿಸಿ.