ಗಾಡಿಯ ಮುಂದಿನ ಗಾಜು



ನಮ್ಮಲ್ಲಿ ಕೆಲವರ ಮನೆಯಲ್ಲಿ ಕಾರಿದೆ. ಕೆಲವರ ಮನೆಯಲ್ಲಿ ಬಾಡಿಗೆಗೆ ಓಡುವ ಗಾಡಿ ಇದೆ. ಸಾಲ ಮಾಡಿ ತಂದ ಗಾಡಿ. ತಿಂಗಳು ತಿಂಗಳು ಕಂತು ಕಟ್ಟಬೇಕು. ಗಾಡಿ ಒಂದು ದಿನ ನಿಂತರೂ ಮನೆ ಖರ್ಚಿಗೆ ಪೆಟ್ಟು. ಅದಕ್ಕೇ ಗಾಡಿಯ ವಿಷಯ ನಮಗೂ ತಿಳಿದಿರಬೇಕು.

ಲಾರಿಯ ಹಿಂದೆ ಹೋಗುವಾಗ ಅದರ ಚಕ್ರದಿಂದ ಜಲ್ಲಿಕಲ್ಲು ಸಿಡಿಯುತ್ತದೆ. ಟಪ್ ಅಂತ ಮುಂದಿನ ಗಾಜಿಗೆ ಬಡಿಯುತ್ತದೆ. ಕಡಲೆಕಾಳಷ್ಟು ಚಕ್ಕೆ ಏಳುತ್ತದೆ. "ಇಷ್ಟೇ ತಾನೆ, ಇರಲಿ ಬಿಡು" ಅಂತೀವಿ. ಬಿಟ್ಟರೆ ಏನಾಗುತ್ತದೆ? ನೋಡೋಣ ಬನ್ನಿ.

ಗಾಜಿನೊಳಗೆ ಏನಿದೆ?

ಮುಂದಿನ ಗಾಜು ಒಂದೇ ಗಾಜಲ್ಲ. ಅಲ್ಲಿ ಎರಡು ಗಾಜಿನ ಹಾಳೆಗಳಿವೆ. ನಡುವೆ ತೆಳುವಾದ ಪ್ಲಾಸ್ಟಿಕ್ ಪದರ ಇದೆ. ಹೋಳಿಗೆಯ ನಡುವೆ ಹೂರಣ ಇದ್ದ ಹಾಗೆ. ಇದಕ್ಕೆ ಲ್ಯಾಮಿನೇಟೆಡ್ ಗಾಜು ಎನ್ನುತ್ತಾರೆ. ಪೆಟ್ಟು ಬಿದ್ದು ಒಡೆದರೂ ಚೂರುಗಳು ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿರುತ್ತವೆ. ಮುಂದೆ ಕೂತವರ ಕಣ್ಣು, ಮುಖ ಉಳಿಯುತ್ತದೆ.

ಈ ಗಾಜಿನ ಹಿಂದೆ ಒಂದು ಕಥೆ ಇದೆ. ಫ್ರಾನ್ಸ್ ದೇಶದಲ್ಲಿ ಎದುವಾರ್ ಬೆನೆಡಿಕ್ಟಸ್ ಎಂಬ ರಸಾಯನ ಶಾಸ್ತ್ರಜ್ಞ ಇದ್ದರು. 1903ರಲ್ಲಿ ಅವರ ಕೈಯಿಂದ ಒಂದು ಗಾಜಿನ ಸೀಸೆ ಬಿತ್ತಂತೆ. ಸೀಸೆ ಬಿರುಕು ಬಿಟ್ಟಿತು. ಆದರೆ ಚೂರುಚೂರಾಗಲಿಲ್ಲ. ಒಳಗೆ ಒಣಗಿದ್ದ ರಸಾಯನದ ಪೊರೆ ಚೂರುಗಳನ್ನು ಹಿಡಿದಿತ್ತು. ಅದರಿಂದ ಹೊಳೆದ ಉಪಾಯಕ್ಕೆ 1909ರಲ್ಲಿ ಅವರು ಪೇಟೆಂಟ್ ಹಕ್ಕು ಪಡೆದರು.

ನಮ್ಮ ದೇಶದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಿವೆ. ಗಾಡಿಗೆ ಸುರಕ್ಷಿತ ಗಾಜನ್ನೇ ಹಾಕಬೇಕು ಎಂದು ಅವು ಹೇಳುತ್ತವೆ.

ಬಿರುಕು ಯಾಕೆ ಬೆಳೆಯುತ್ತದೆ?

ಬಿಸಿಲಿಗೆ ಗಾಜು ಹಿಗ್ಗುತ್ತದೆ. ತಂಪಿಗೆ ಕುಗ್ಗುತ್ತದೆ. ಗುಂಡಿ ಬಿದ್ದ ರಸ್ತೆಯಲ್ಲಿ ಗಾಡಿ ಕುಲುಕುತ್ತದೆ. ಆಗ ಚಕ್ಕೆ ಎದ್ದ ಜಾಗದಿಂದ ಬಿರುಕು ಹರಿಯುತ್ತದೆ. ಒಂದೇ ದಿನದಲ್ಲಿ ಅಡ್ಡಡ್ಡ ಸೀಳಿ ಹೋಗಲೂಬಹುದು. ಬಿರುಕು ಬಿಟ್ಟ ಗಾಜಿಗೆ ಬಲ ಕಡಿಮೆ. ರಾತ್ರಿ ಎದುರು ಗಾಡಿಯ ಬೆಳಕು ಬಿರುಕಿಗೆ ಬಿದ್ದು ಚೆಲ್ಲುತ್ತದೆ. ಓಡಿಸುವವರಿಗೆ ರಸ್ತೆ ಕಾಣದು. ಅಡ್ಡ ಬಂದ ಮಗುವೂ ಕಾಣದು.

ಚಕ್ಕೆ ಎದ್ದ ಕೂಡಲೇ ಏನು ಮಾಡಬೇಕು?

ಆ ಜಾಗದ ಮೇಲೆ ಪಾರದರ್ಶಕ ಟೇಪು ಅಂಟಿಸಿ. ನೀರು, ಧೂಳು ಒಳಗೆ ಹೋಗಬಾರದು. ಬಿಸಿಲಿಗೆ ಕಾದ ಗಾಜಿಗೆ ತಣ್ಣೀರು ಸುರಿಯಬೇಡಿ. ಮನೆಯಲ್ಲಿರುವ ಅಂಟು ತುಂಬಬೇಡಿ. ತುಂಬಿದರೆ ಆಮೇಲೆ ಸರಿಯಾದ ರಿಪೇರಿ ಆಗುವುದಿಲ್ಲ. ಬೇಗ ಗಾಜಿನ ಕೆಲಸದವರ ಹತ್ತಿರ ಹೋಗಿ.

ಅವರು ಚಕ್ಕೆಯೊಳಗಿನ ಗಾಳಿ ತೆಗೆಯುತ್ತಾರೆ. ರೆಸಿನ್ ಎಂಬ ತೆಳು ಅಂಟು ತುಂಬುತ್ತಾರೆ. ವಿಶೇಷ ದೀಪದ ಬೆಳಕಿನಲ್ಲಿ ಅದನ್ನು ಗಟ್ಟಿ ಮಾಡುತ್ತಾರೆ. ಸುಮಾರು ಅರ್ಧ ಗಂಟೆಯ ಕೆಲಸ. ಸಣ್ಣ ಕಲೆ ಉಳಿಯಬಹುದು. ಆದರೆ ಬಿರುಕು ಮುಂದೆ ಹೋಗದಂತೆ ತಡೆಯುತ್ತದೆ.

ಯಾವಾಗ ಗಾಜು ಬದಲಿಸಬೇಕು?

ಚಕ್ಕೆ ರೂಪಾಯಿ ನಾಣ್ಯಕ್ಕಿಂತ ದೊಡ್ಡದಿದ್ದರೆ, ಓಡಿಸುವವರ ಕಣ್ಣಿನ ನೇರಕ್ಕೆ ಇದ್ದರೆ, ಗಾಜಿನ ಅಂಚಿನಲ್ಲಿದ್ದರೆ, ಒಳಗಿನ ಹಾಳೆಯೂ ಒಡೆದಿದ್ದರೆ ಬದಲಿಸುವುದೇ ಒಳ್ಳೆಯದು. ಇದಕ್ಕೆ ರಿಪೇರಿಗಿಂತ ಬಹಳ ಹೆಚ್ಚು ದುಡ್ಡು ಬೇಕು. ಹೊಸ ಗಾಜಿನ ಮೂಲೆಯಲ್ಲಿ ಐಎಸ್‌ಐ ಗುರುತು ಇದೆಯೇ ನೋಡಿ. ಈಗಿನ ಕಾರುಗಳಲ್ಲಿ ಗಾಜನ್ನು ಅಂಟಿನಿಂದ ಕೂರಿಸುತ್ತಾರೆ. ಅಂಟು ಒಣಗುವ ತನಕ ಗಾಡಿ ಓಡಿಸಬಾರದು. ಎಷ್ಟು ಹೊತ್ತು ಎಂದು ಕೆಲಸದವರನ್ನೇ ಕೇಳಿ. ಅವಸರ ಮಾಡಬೇಡಿ. ಗಾಡಿ ಮಗುಚಿದರೆ ಚಾವಣಿಗೆ ಆ ಗಾಜೂ ಆಸರೆ.

ವಿಮೆ ಕಾಗದ ತೆಗೆಯಿರಿ

ಈಗ ನಮಗೆ ಅಕ್ಷರ ಬರುತ್ತದೆ, ಅಂಕಿ ಬರುತ್ತದೆ. ವಿಮೆ ಯಾವ ತಾರೀಖಿನವರೆಗೆ ಇದೆ ನೋಡೋಣ. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ನಮ್ಮ ಗಾಜಿಗೆ ಹಣ ಸಿಗದು. ನಮ್ಮ ಗಾಡಿಯ ನಷ್ಟಕ್ಕೂ ವಿಮೆ ಇದ್ದರೆ ಕೇಳಬಹುದು. ಕೆಲಸ ಶುರು ಮಾಡುವ ಮೊದಲೇ ಕಂಪನಿಗೆ ತಿಳಿಸಬೇಕು. ಆದರೆ ಒಮ್ಮೆ ಹಣ ಕೇಳಿದರೆ ಮುಂದಿನ ಕಂತಿನಲ್ಲಿ ಸಿಗುವ ರಿಯಾಯಿತಿ ಹೋಗಬಹುದು. ಖರ್ಚು ಸಣ್ಣದಾದರೆ ಯಾವುದು ಲಾಭ? ಕೂತು ಲೆಕ್ಕ ಹಾಕೋಣ. ಬಿಲ್ಲು ಕೇಳಿ ಪಡೆಯೋಣ. ಕಾಗದ ಇಂಗ್ಲಿಷಿನಲ್ಲಿದ್ದರೆ ಓದಿಸಿ ಕೇಳೋಣ. ಕೇಳದೆ ಸಹಿ ಹಾಕುವುದು ಬೇಡ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಅಂತ ಹಿರಿಯರು ಹೇಳುತ್ತಾರೆ. ಗಾಜಿಗೂ ಈ ಮಾತು ಸರಿ. ಚಕ್ಕೆ ಸಣ್ಣದಿದ್ದಾಗಲೇ ಸರಿಮಾಡಿಸಿ.

ಓದಿ, ಉತ್ತರ ಹೇಳಿ

1. ಮುಂದಿನ ಗಾಜಿನ ನಡುವೆ ಏನಿದೆ?
2. ಚಕ್ಕೆಯ ಮೇಲೆ ಟೇಪು ಯಾಕೆ ಅಂಟಿಸಬೇಕು?
3. ನಿಮ್ಮ ಗಾಡಿಯ ವಿಮೆ ಯಾವ ತಾರೀಖಿಗೆ ಮುಗಿಯುತ್ತದೆ? ನೋಡಿ ಬರೆಯಿರಿ.